ಹದಿನಾರು ಗುಳಿಯ ದೀಪ

ವಾಮನಣ್ಣ ದೀಪದ ಬಿಸಿಯನ್ನು ಹೆಬ್ಬೆರಳಿನಿಂದ ಅಳೆಯುತ್ತಿದ್ದರು. ಲೋಹದ ಮೇಲೆ ಬೆರಳಿಟ್ಟು ತುಳುವಿನಲ್ಲಿ ಎಣಿಸುವುದು: ಒಂಜಿ, ರಡ್ಡ್, ಮೂಜಿ. ಹತ್ತರವರೆಗೆ ಬೆರಳು ನಿಂತರೆ ದೀಪ ಬಾಳುತ್ತದೆ, ಐದಕ್ಕೇ ಕಿತ್ತುಕೊಳ್ಳಬೇಕಾದರೆ ಬಾಳುವುದಿಲ್ಲ. ಅದು ಯಾವ ಕೈಯ ಹೆಬ್ಬೆರಳು ಎಂದು ಕೇಳಿದರೆ ನಾನು ಹೇಳಲಾರೆ. ಕಣ್ಣ ಮುಂದೆ ಬರುವುದು ಎಡಗೈ. ಆದರೆ ಅವರು ಎಡಚರಲ್ಲ. ಬಲಗೈಯಲ್ಲಿ ಸುತ್ತಿಗೆ ಇದ್ದಿರಬೇಕು, ಇಲ್ಲವೆ ಆ ಸುತ್ತಿಗೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಅವರ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಬಹಳ ಕಡಿಮೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅಳೆಯದೆ ಏನನ್ನೂ ನಂಬಬೇಡಿ ಎಂದು ಊರ ಮಕ್ಕಳಿಗೆಲ್ಲ ಹೇಳುವ ನಾನು, ಒಬ್ಬ ಮನುಷ್ಯನನ್ನು ಎರಡು ವರ್ಷ ದಿನವೂ ನೋಡಿ ಒಂದು ಸಾಲನ್ನೂ ಬರೆದಿಟ್ಟುಕೊಳ್ಳಲಿಲ್ಲ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ನಮ್ಮ ಕಟ್ಟಡ. ಮೊದಲ ಮಾಳಿಗೆಯಲ್ಲಿ ಎದುರುಬದುರಾಗಿ ಎರಡು ಬಾಗಿಲು, ಒಂದು ನನ್ನದು, ಒಂದು ಅವರದು. ನಾನು ವಿಜಯಪುರದ ಕಡೆಯವನು. ಆರು ವರ್ಷದಲ್ಲಿ ನಾಲ್ಕು ಕೆಲಸ ಬಿಟ್ಟು, ಆಗ ಕಲ್ಯಾಣದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಅವರು ಕಾರ್ಕಳದ ಕಡೆಯವರು. ಶಹಾಡ್ ಸ್ಟೇಷನ್ನಿನ ಹತ್ತಿರ, ಒಂದು ಕಾರ್ಖಾನೆಯ ಗೇಟಿನ ಎದುರು, ಮೂವತ್ತು ವರ್ಷ ಇಡ್ಲಿ-ವಡೆಯ ಹೋಟೆಲು ನಡೆಸಿ, ಮಂಡಿ ಕೈಕೊಟ್ಟ ಮೇಲೆ ಮಾರಿ ಬಂದಿದ್ದರು. ಅಡುಗೆಮನೆ ಅವರದು, ಕೌಂಟರು ಹೆಂಡತಿ ಗಿರಿಜಕ್ಕನದು. ಗ್ರೈಂಡರು, ಫ್ರಿಜ್ಜು, ಫ್ಯಾನು, ಯಾವುದು ಕೆಟ್ಟರೂ ಮೆಕ್ಯಾನಿಕನನ್ನು ಹೊಸಿಲು ದಾಟಲು ಬಿಟ್ಟವರಲ್ಲ.

ಅವರ ತಿರಸ್ಕಾರಕ್ಕೆ ಯಾರೂ ಹೊರಗಾಗಿರಲಿಲ್ಲ. ದೋಸೆಯ ಮೇಲೆ ಚೀಸು ತುರಿಯುವವರು, ಮೀಟರು ಹಿಡಿದು ಬರುವ ಇಲೆಕ್ಟ್ರಿಷಿಯನ್ನರು, ಎಲ್ಲದಕ್ಕೂ ನೋಟಿಸು ಅಂಟಿಸುವ ನಮ್ಮ ಸೊಸೈಟಿಯ ಸೆಕ್ರೆಟರಿ. ಎಲ್ಲರಿಗಿಂತ ಹೆಚ್ಚಾಗಿ, ಬಿಯರಿನ ಲೈಸೆನ್ಸ್ ತೆಗೆದುಕೊಂಡು ಇದ್ದ ಒಳ್ಳೆಯ ಹೋಟೆಲನ್ನು ಪರ್ಮಿಟ್ ರೂಮ್ ಮಾಡಿದ ತಮ್ಮದೇ ಊರಿನವರು. ಆಮೇಲೆ ನಾನು. ನನ್ನನ್ನು ಅವರು ಪ್ರೊಫೆಸರ್ರೇ ಎಂದು ಕರೆಯುತ್ತಿದ್ದರು. ಪ್ರೊಫೆಸರ್ ಅಲ್ಲವೆಂದು ಮೂರು ಸಲ ತಿಳಿಸಿದ ಮೇಲೆ, ಅಲ್ಲವೆಂದು ಗೊತ್ತಿರುವುದರಿಂದಲೇ ಹಾಗೆ ಕರೆಯುತ್ತಿದ್ದಾರೆಂದು ನನಗೆ ತಿಳಿಯಿತು.

ನಾನೂ ಅವರನ್ನು ಗೌರವಿಸುತ್ತಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸಿದ್ಧಾಂತ ಗೊತ್ತಿಲ್ಲದೆ ಕೈಚಳಕದಿಂದ ಬದುಕಿದವರ ಮೇಲೆ ಓದಿದವರಿಗೆ ಇರುವ ತಾತ್ಸಾರವೇ ನನಗೂ ಇತ್ತು. ಸಂಜೆ ಅವರ ಮನೆಯ ಕಾಫಿ ಚೆನ್ನಾಗಿರುತ್ತಿತ್ತು, ಅದಕ್ಕೆ ಹೋಗುತ್ತಿದ್ದೆ.

ಗಿರಿಜಕ್ಕನಿಗೆ ಮರೆವು ಹಿಡಿದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಎಲ್ಲರಿಗೂ ಗೊತ್ತಾದದ್ದು ಒಂದು ಏಪ್ರಿಲಿನಲ್ಲಿ. ತರಕಾರಿಗೆಂದು ಇಳಿದ ಗಿರಿಜಕ್ಕ ಲೋಕಲ್ ರೈಲು ಹಿಡಿದು ಶಹಾಡಿಗೆ ಹೋಗಿ, ತಮ್ಮ ಹಳೆಯ ಹೋಟೆಲಿನ ಜಾಗದಲ್ಲಿ ಈಗಿರುವ ಮೊಬೈಲ್ ಅಂಗಡಿಯ ಒಳಗೆ ನುಗ್ಗಿ, ಇನ್ನೂ ಒಲೆ ಹಚ್ಚಲಿಲ್ಲವೇಕೆ ಎಂದು ಅಲ್ಲಿದ್ದವರನ್ನು ಗದರಿಸಿದ್ದರು. ಅಂಗಡಿಯವನು ಒಳ್ಳೆಯವನು, ಕೂರಿಸಿ ಚಹಾ ಕೊಟ್ಟು, ಅವರ ಚೀಲದಲ್ಲಿದ್ದ ನಂಬರಿಗೆ ಫೋನು ಮಾಡಿದ.

ಮಗಳು ಸುಮಾ ನೆರೂಳಿನಿಂದ ಅದೇ ಸಂಜೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುವುದಾಗಿಯೂ, ಅಲ್ಲಿ ದಿನಪೂರ್ತಿ ನೋಡಿಕೊಳ್ಳಲು ಹೆಂಗಸೊಬ್ಬಳನ್ನು ಗೊತ್ತುಮಾಡುವುದಾಗಿಯೂ ಹೇಳಿದಳು. ಬೇಕಾದರೆ ಅಪ್ಪನೂ ಬರಲಿ. ವಾಮನಣ್ಣ ಆ ಮನೆಯನ್ನು ಗಾಜಿನ ಡಬ್ಬಿ ಎನ್ನುತ್ತಿದ್ದರು, ಹದಿನೆಂಟನೇ ಮಾಳಿಗೆಯಲ್ಲಿ ಅದರೊಳಗೆ ಬಿಸ್ಕತ್ತಿನ ಹಾಗೆ ಕೂರಲಾರೆ ಎನ್ನುತ್ತಿದ್ದರು. ಬಹಳ ಹೊತ್ತಿನ ಮಾತಿನ ಮೇಲೆ ಸುಮಾ ಒಂದು ಗಡುವು ಹಾಕಿದಳು.

"ಗಣಪತಿ ತಕ್, ಪಪ್ಪಾ. ಉಸ್ ಕೇ ಬಾದ್ ಮೈ ಕುಛ್ ನಹೀ ಸುನೂಂಗೀ."

ಗಣಪತಿ ಹಬ್ಬಕ್ಕೆ ಐದು ತಿಂಗಳಿತ್ತು, ಅದಾದ ಮೇಲೆ ಅವಳು ಯಾವ ಮಾತನ್ನೂ ಕೇಳುವವಳಲ್ಲ. ಅಷ್ಟರಲ್ಲಿ ಗಿರಿಜಕ್ಕ ಸ್ವಲ್ಪವಾದರೂ ಸುಧಾರಿಸಿದ್ದನ್ನು ವಾಮನಣ್ಣ ಮಗಳಿಗೆ ತೋರಿಸಬೇಕಿತ್ತು.

ಅದಕ್ಕೆ ಅವರು ಹುಡುಕಿದ ದಾರಿ ತಿಮರೆ. ಒಂದೆಲಗವೆಂದು ಉಳಿದ ಕನ್ನಡಿಗರು ಹೇಳುವ, ನೀರಿನ ಬದಿಯಲ್ಲಿ ಹಬ್ಬುವ ಆ ದುಂಡನೆಯ ಎಲೆಯನ್ನು ತೆಂಗಿನಕಾಯಿಯ ಜೊತೆ ರುಬ್ಬಿ ದಿನವೂ ತಿಂದರೆ ನೆನಪು ಗಟ್ಟಿಯಾಗುತ್ತದೆಂದು ಅವರ ಕಡೆಯವರ ನಂಬಿಕೆ. ಒಡಹುಟ್ಟಿದ ಅಣ್ಣ ಹೇಳಿದ್ದನ್ನೂ ನಂಬದ ಮನುಷ್ಯ ಒಂದು ಎಲೆಯನ್ನು ನಂಬಿದ್ದರು. ನನಗೆ ಇದು ರುಚಿಕರವಾದ ಬೇಟೆಯಾಗಿ ಕಂಡಿತು.

"ಆಧಾರ ಏನೈತ್ರೀ ಇದಕ್ಕ?" ಎಂದೆ.

"ಆಧಾರವಾ? ನನ್ನ ಅಮ್ಮ ತೊಂಬತ್ತನೇ ವರ್ಷದಲ್ಲಿ ಎಂಟು ಮಕ್ಕಳ ಜನ್ಮನಕ್ಷತ್ರ ಬಾಯಿಪಾಠ ಹೇಳುತ್ತಿದ್ದರು. ನೀವು ಮೊನ್ನೆ ನನ್ನ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದಿರಲ್ಲ, ಎಲ್ಲಿಟ್ಟಿದ್ದೀರಿ ಅಂತ ನೆನಪುಂಟಾ ಪ್ರೊಫೆಸರ್ರೇ?"

ನೆನಪಿರಲಿಲ್ಲ. ಇವತ್ತಿಗೂ ಅದು ಸಿಕ್ಕಿಲ್ಲ.

ಊರಿನಿಂದ ಬಂದ ಯಾರೋ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೇರು ತಂದುಕೊಟ್ಟರು. ಕಿಟಕಿಯ ಗ್ರಿಲ್ಲಿನಲ್ಲಿ ಇಟ್ಟ ಮೊದಲ ಕುಂಡ ಮೂರು ವಾರದಲ್ಲಿ ಬಿಳಿಚಿಕೊಂಡು ಸತ್ತಿತು. ಪೂರ್ವಕ್ಕೆ ಹೊಸ ಟವರ್ ಎದ್ದ ಮೇಲೆ ನಮ್ಮ ಕಟ್ಟಡಕ್ಕೆ ಬಿಸಿಲೆಂಬುದು ನೋಟಿಸು ಬೋರ್ಡಿನ ಮೇಲೆ ಕಾಲು ಗಂಟೆ ಬೀಳುವ ವಸ್ತುವಾಗಿತ್ತು. ಮೇಲಾಗಿ ಗಾಳಿ ತಿರುಗಿದ ದಿನ ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ಔಷಧದಂಗಡಿಯ ವಾಸನೆ ಬರುತ್ತದೆ, ಅದು ಕುಳಿತ ಎಲೆಯನ್ನು ಹೆಂಡತಿಗೆ ತಿನ್ನಿಸಲಾರೆ ಎಂದರು. ಹಾಗಾಗಿ ಗಿಡ ಮನೆಯೊಳಗೆ, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ ಬೆಳೆಯಬೇಕು.

ಪೆಟ್ಟಿಗೆ ಮನೆಯಲ್ಲೇ ಇತ್ತು. ಶಹಾಡಿನ ಹೋಟೆಲಿನ ಕೌಂಟರಿನ ಮೇಲೆ ವಡೆ, ಬನ್ನು, ಮೈಸೂರ್ ಪಾಕು ಇಡುತ್ತಿದ್ದ ಮರದ ಚೌಕಟ್ಟಿನ ಗಾಜಿನ ಕಪಾಟು. ಮೂರು ಕಡೆ ಗಾಜು, ಕೌಂಟರಿನಲ್ಲಿ ಕೂತವರ ಕಡೆಗೆ ಜಾರುವ ಬಾಗಿಲು. ಮಾರುವಾಗ ಉಳಿದ ಸಾಮಾನೆಲ್ಲ ಬಿಟ್ಟು ಅದನ್ನು ಹೊತ್ತು ತಂದಿದ್ದರು, ಒಳಗೆ ಚಪ್ಪಲಿ ಇಟ್ಟಿದ್ದರು. ಅದನ್ನು ತೊಳೆದು ಹಾಲಿನ ಮೇಜಿನ ಮೇಲೆ ಏರಿಸಿದರು.

ದೀಪದ ವಿಷಯದಲ್ಲಿ ನಾನು ಸಹಾಯ ಮಾಡಿದೆ, ಅಂದರೆ ಭಾಷಣ ಮಾಡಿದೆ. ಎಲೆ ಹಸಿರು ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ, ಅದಕ್ಕೆ ಬೇಕಾದದ್ದು ಕೆಂಪು ಮತ್ತು ನೀಲಿ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಠಾಣೆಗೆ ಹೋದಾಗ ಅಂಥದೇ ಒಂದು ಸಿದ್ಧ ದೀಪವನ್ನು ಕೊಂಡೂ ತಂದೆ. ಹಚ್ಚಿದ ಕೂಡಲೇ ಹಾಲೆಲ್ಲ ನೇರಳೆಯಾಯಿತು. ಗೋಡೆಯ ಮೇಲಿನ ದೇವರ ಪಟಗಳೂ ನೇರಳೆ, ಕಾಫಿಯೂ ನೇರಳೆ. ಗಿರಿಜಕ್ಕ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಎದ್ದು ಒಳಗೆ ಹೋದರು. ವಾಮನಣ್ಣ ಸ್ವಿಚ್ಚು ಆರಿಸಿ ದೀಪವನ್ನು ಎರಡು ಬೆರಳಿನಲ್ಲಿ ಹಿಡಿದು ನನ್ನ ಕೈಗಿತ್ತರು.

"ಇದು ಪರ್ಮಿಟ್ ರೂಮಿನ ಲೈಟು. ಮೂವತ್ತು ವರ್ಷ ಶಹಾಡಿನಲ್ಲಿ ಮಾಡದ್ದನ್ನು ಈಗ ನನ್ನ ಮನೆಯಲ್ಲಿ ಮಾಡಿಸುತ್ತೀರಾ?"

ಬಿಳಿ ಬೆಳಕೇ ಸಾಕು, ಸೂರ್ಯನದ್ದೇನು ನೇರಳೆಯಾ ಎಂದು ಕೇಳಿದರು. ಸೂರ್ಯನ ಬಿಳಿ ಬೆಳಕಿನಲ್ಲಿ ಎಲ್ಲವೂ ಇದೆ ಎಂದು ಶುರುಮಾಡಿದವನು, ನನ್ನ ವಾದವನ್ನು ನಾನೇ ಮುರಿಯುತ್ತಿದ್ದೇನೆಂದು ಅರ್ಥವಾಗಿ ಕಾಫಿ ಕುಡಿದೆ.

ಕಲ್ಯಾಣದಿಂದ ಅವರು ಹದಿನಾರು ಬಿಳಿ ಎಲ್‌ಇಡಿ ತಂದರು, ಒಂದೊಂದೂ ಒಂದು ರೂಪಾಯಿ ನಾಣ್ಯದಷ್ಟಗಲದ ತಗಡಿನ ಮೇಲೆ ಕೂತ ಒಂದು ವಾಟಿನವು. ಅವು ಉರಿಯುವಾಗ ಹಿಂಬದಿಯಿಂದ ಬಿಸಿ ಹೊರಗೆ ಹೋಗಬೇಕು, ಅದಕ್ಕೆ ಅಲ್ಯೂಮಿನಿಯಮ್ಮಿನ ಹಲ್ಲುಪಟ್ಟಿ ಕೊಳ್ಳಬೇಕೆಂದು ನಾನು ಹೇಳಿದ್ದೆ. ಮರುದಿನ ಹೋದರೆ ವಾಮನಣ್ಣ ಹೋಟೆಲಿನ ಇಡ್ಲಿ ತಟ್ಟೆಯನ್ನು ಅರೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಸುತ್ತಿಗೆಯಿಂದ ಬಡಿಯುತ್ತಿದ್ದರು. ಹದಿನಾರು ಗುಳಿಯ ದಪ್ಪ ಅಲ್ಯೂಮಿನಿಯಮ್ ತಟ್ಟೆ. ಪ್ರತಿ ಗುಳಿಯ ತಳವನ್ನು ನಾಣ್ಯದಗಲ ಮಟ್ಟಮಾಡಿ, ಒಳಗೆ ಒಂದೊಂದು ಎಲ್‌ಇಡಿ ಕೂರಿಸಿ, ಹಬೆ ಬರಲು ಇದ್ದ ತೂತುಗಳಿಂದಲೇ ತಂತಿ ಎಳೆದಿದ್ದರು. ತಟ್ಟೆಯನ್ನು ಮಗುಚಿ ಕಪಾಟಿನ ಮೇಲ್ಭಾಗದಲ್ಲಿ ತೂಗಿದರೆ ಪ್ರತಿ ಗುಳಿಯೂ ಒಂದು ಪುಟ್ಟ ಬುಡ್ಡಿಯ ಹಾಗೆ ಬೆಳಕನ್ನು ಕೆಳಕ್ಕೆ ಚೆಲ್ಲುತ್ತಿತ್ತು. ಹದಿನಾರೂ ಒಂದೇ ಸಾಲಿನ ಜೋಡಣೆ, ಹಳೆಯ ಮಂಟಪಗಳ ಸೀರಿಯಲ್ ಸೆಟ್ಟಿನ ಹಾಗೆ. ಒಂದು ಸುಟ್ಟರೆ ಎಲ್ಲವೂ ಕತ್ತಲು. ಸುಟ್ಟದ್ದರ ಎರಡು ತುದಿಗೆ ಅಡ್ಡತಂತಿ ಬೆಸೆದರೆ ಅದೊಂದನ್ನು ಬಿಟ್ಟು ಮಿಕ್ಕವು ಮತ್ತೆ ಉರಿಯುತ್ತವೆ.

ಸುತ್ತಿಗೆಯಿಂದ ಬಡಿದ ಲೋಹ ಎಷ್ಟು ಮಟ್ಟವಾದೀತು? ನಡುವೆ ಗಾಳಿ ಉಳಿಯುತ್ತದೆ, ಬಿಸಿ ದಾಟುವುದಿಲ್ಲ. ಇದು ಒಂದು ತಿಂಗಳಲ್ಲಿ ಸುಡುತ್ತದೆ ಎಂದು ಘೋಷಿಸಿದೆ. ವಾಮನಣ್ಣ ತಟ್ಟೆಯ ಬೆನ್ನಿಗೆ ಹೆಬ್ಬೆರಳಿಟ್ಟು, ನನ್ನ ಮುಖವನ್ನೇ ನೋಡುತ್ತ, ಹತ್ತರವರೆಗೆ ನಿಧಾನವಾಗಿ ಎಣಿಸಿದರು.

ಮೊದಲ ಬೆಳೆ ಕೊಳೆತುಹೋಯಿತು. ಅದು ದೀಪದ ತಪ್ಪಲ್ಲ. ಕೌಂಟರಿನ ಕಪಾಟಿನ ಬಾಗಿಲು ತೆರೆದಿದ್ದರೆ ನೊಣ ಕೂರುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ, ಈ ಭಯ ಮೂವತ್ತು ವರ್ಷ ಅವರ ಕೈಯಲ್ಲಿ ಕೂತಿತ್ತು. ನೀರು ಹಾಕಿದ ಮರುಕ್ಷಣ ಬಾಗಿಲೆಳೆದು ಬಿಗಿಯಾಗಿ ಮುಚ್ಚುತ್ತಿದ್ದರು. ಒಳಗೆ ಇಡ್ಲಿ ಪಾತ್ರೆಯ ಹಾಗೆ ಹಬೆ ಕಟ್ಟಿ, ಗಾಜಿನಿಂದ ನೀರು ತೊಟ್ಟಿಕ್ಕಿ, ಎಲೆಯೆಲ್ಲ ಕಪ್ಪಾಯಿತು. ಗಾಳಿ ಬಿಡಬೇಕೆಂದು ನಾನು ಹೇಳಿದ್ದೆ. ನೊಣಕ್ಕೆ ನಿಮ್ಮ ಸಿದ್ಧಾಂತ ಗೊತ್ತಿಲ್ಲ ಎಂದು ಅವರು ಉತ್ತರ ಕೊಟ್ಟಿದ್ದರು.

ಎರಡನೆಯ ಬೆಳೆ ಬಂತು, ಅದೂ ಸೊಂಪಾಗಿ. ಅದಕ್ಕೆ ಕಾರಣ ಅವರೂ ಅಲ್ಲ, ನಾನೂ ಅಲ್ಲ. ಬೆಳಕು ಹಚ್ಚಿದ ಆ ಕಪಾಟನ್ನು ಕಂಡ ಗಿರಿಜಕ್ಕ ಒಂದು ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಅದರ ಹಿಂದೆ ಕೂತರು. ಅಲ್ಲಿಂದ ಮುಂದೆ ದಿನವೂ ಅದೇ ಜಾಗ. ಯಾರಾದರೂ ಎದುರಿಗೆ ಬಂದರೆ ಬಾಗಿಲು ಜಾರಿಸಿ, ಬಗ್ಗಿ ಒಳಗೆ ಇಣುಕಿ, ಏನಿದೆ ಏನಿಲ್ಲ ನೋಡಿ ಮತ್ತೆ ಜಾರಿಸುವರು. ದಿನಕ್ಕೆ ಐವತ್ತು ಸಲವಾದರೂ ಆಗುತ್ತಿತ್ತು. ಗಿಡಕ್ಕೆ ಗಾಳಿ ಸಿಕ್ಕಿತು. ಜುಲೈ ಹೊತ್ತಿಗೆ ವಾಮನಣ್ಣ ದಿನವೂ ಒಂದು ಹಿಡಿ ಎಲೆ ಕಿತ್ತು ಚಟ್ನಿ ರುಬ್ಬುತ್ತಿದ್ದರು.

ಚಟ್ನಿಯಿಂದ ಏನೂ ಆಗಲಿಲ್ಲ. ಇದನ್ನು ನಾನು ಸಂತೋಷದಿಂದ ಹೇಳುತ್ತಿಲ್ಲ, ಆಗ ಹೇಳಿದ್ದು ಮಾತ್ರ ಬಹುಶಃ ಸಂತೋಷದಿಂದಲೇ.

ಒಂದು ಸಂಜೆ, ಸುಮಾ ಬಂದಿದ್ದಳು, ದೀಪದ ಮೂರು ಗುಳಿ ಕತ್ತಲಾಗಿದ್ದನ್ನು ನಾನು ಕಂಡೆ. ಜಾರುವ ಬಾಗಿಲಿನ ಕಡೆಯ ಅಂಚಿನ ಮೂರು. ಹದಿಮೂರು ಮಾತ್ರ ಉರಿಯುತ್ತಿದ್ದವು. ಒಂದು ತಿಂಗಳೆಂದಿದ್ದೆ, ಎರಡಾಗಿತ್ತು, ಆದರೂ ಗೆಲುವು ಗೆಲುವೇ. ನೋಡಿದಿರಾ, ಸುಟ್ಟುಹೋದವು ಎಂದೆ. ವಾಮನಣ್ಣ ತಲೆಯೆತ್ತಲಿಲ್ಲ.

"ಸುಟ್ಟದ್ದಲ್ಲ. ನಾನೇ ಅಡ್ಡತಂತಿ ಹಾಕಿ ಆರಿಸಿದ್ದು. ಬಗ್ಗಿದಾಗ ಅವಳ ಕಣ್ಣಿಗೆ ಹೊಡೆಯುತ್ತದೆ."

ನಾನು ನಕ್ಕೆ. ಕೆಲಸ ಕೆಟ್ಟ ಪ್ರತಿಯೊಬ್ಬ ಮೇಸ್ತ್ರಿಯೂ ಅದು ಬೇಕೆಂದೇ ಮಾಡಿದ್ದು ಎನ್ನುತ್ತಾನೆ. ಮರುದಿನ ಕ್ಲಾಸಿನಲ್ಲಿ, ತಪ್ಪನ್ನು ಉದ್ದೇಶವೆಂದು ಹೇಳಿ ತಪ್ಪಿಸಿಕೊಳ್ಳುವುದು ಹೇಗೆಂಬುದಕ್ಕೆ ಇದನ್ನೇ ಉದಾಹರಣೆ ಕೊಟ್ಟೆ. ಮಕ್ಕಳೂ ನಕ್ಕರು. ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ಸಂಜೆ ನಾನು ಇನ್ನೊಂದು ಮಾತೂ ಆಡಿದೆನೆಂದು ಸುಮಾ ಹೇಳುತ್ತಾಳೆ: ದೀಪಾನೂ ಸುಟ್ಟಿತು, ಎಲಿನೂ ಕೆಲಸ ಮಾಡಲಿಲ್ಲ, ಕಳಿಸಿಬಿಡ್ರಿ ಇನ್ನ. ಅದನ್ನು ಮನಸ್ಸಿನಲ್ಲಿ ಅಂದುಕೊಂಡದ್ದು ನನಗೆ ನೆನಪಿದೆ, ಬಾಯಿಬಿಟ್ಟು ಅಂದದ್ದು ನೆನಪಿಲ್ಲ. ಅವಳಿಗೆ ಸುಳ್ಳು ಹೇಳಬೇಕಾದ ಕಾರಣವಿಲ್ಲ. ನನ್ನ ನೆನಪಿಗೆ ಇದೆ.

ಇನ್ನೊಂದು ಘಟನೆಯನ್ನು ನಾನೇ ಕಂಡೆನೋ ಸುಮಾ ಹೇಳಿದ್ದನ್ನು ಕಂಡಂತೆ ನೆನೆಯುತ್ತಿದ್ದೇನೋ ತಿಳಿಯದು. ಗಣಪತಿಗೆ ಹತ್ತು ದಿನವೂ ಇರಲಿಲ್ಲ. ಗಿರಿಜಕ್ಕ ಬೆಳಗಿನಿಂದ ಯಾರನ್ನೂ ಗುರುತಿಸಿರಲಿಲ್ಲ. ಔಷಧ ಕೊಡಲು ಬಂದ ಗಂಡನನ್ನು, ಗಿರಾಕಿಗಳು ಕೌಂಟರಿನ ಒಳಗೆ ಬರಬಾರದು ಎಂದು ತಡೆದರು. ವಾಮನಣ್ಣ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಕಪಾಟಿನ ಮುಂಭಾಗಕ್ಕೆ ಸುತ್ತಿ ಬಂದು, ಕಾರ್ಖಾನೆಯ ಕೆಲಸಗಾರರ ಮರಾಠಿಯಲ್ಲಿ, ಅವರ ಹಾಗೆಯೇ ಅತ್ತಿಗೆ ಎಂದು ಕರೆದು, ಕೇಳಿದರು.

"ವಹಿನೀ, ಏಕ್ ಪ್ಲೇಟ್ ಇಡ್ಲಿ."

"ಇಡ್ಲಿ ಸಂಪಲೀ. ಮೇದುವಡಾ ಆಹೇ. ಬಸಾ."

ಇಡ್ಲಿ ಮುಗಿದಿದೆಯಂತೆ, ವಡೆ ಇದೆಯಂತೆ, ಕೂರಬೇಕಂತೆ. ಜಗತ್ತಿನಲ್ಲಿ ಯಾರ ಮಾತನ್ನೂ ಕೇಳದ ಆ ಮನುಷ್ಯ ಸ್ಟೂಲು ಎಳೆದು ಕೂತರು. ಗಿರಿಜಕ್ಕ ಬಾಗಿಲು ಜಾರಿಸಿ, ಬಗ್ಗಿ, ಐದು ಎಲೆ ಕಿತ್ತು ಸ್ಟೀಲಿನ ತಟ್ಟೆಯಲ್ಲಿ ಮುಂದಿಟ್ಟರು. ಹೆಂಡತಿಗೆಂದು ಐದು ತಿಂಗಳು ಪಾಡುಪಟ್ಟು ಬೆಳೆಸಿದ ಎಲೆಯನ್ನು ವಾಮನಣ್ಣ ಒಂದೊಂದಾಗಿ ಅಗಿದು ನುಂಗಿದರು. ಹಸಿಯಾಗಿ ತಿಂದರೆ ಅದು ಕಹಿ. ಚಟ್ನಿ ಬೇಕೇ ಎಂದು ಗಿರಿಜಕ್ಕ ಕೇಳಿದರಂತೆ. ಬೇಡ, ಚೆನ್ನಾಗಿದೆ ಎಂದರಂತೆ.

ಆ ಮೇಲೆ ಅವರು ಸುಮಾಳ ಜೊತೆ ವಾದ ಮಾಡಲಿಲ್ಲ. ವಿಸರ್ಜನೆಯಾದ ಮೂರನೆಯ ದಿನ ಟೆಂಪೋ ಬಂತು. ವಾಮನಣ್ಣನೂ ಹೊರಟಿದ್ದರು, ಗಾಜಿನ ಡಬ್ಬಿಗೇ. ಕಪಾಟು ಅಲ್ಲಿಗೆ ಹೋಯಿತು, ಗಿರಿಜಕ್ಕ ಅದನ್ನು ಬಿಟ್ಟು ಏಳುತ್ತಿರಲಿಲ್ಲ. ಆದರೆ ಹದಿನೆಂಟನೇ ಮಾಳಿಗೆಯಲ್ಲಿ ಬಿಸಿಲಿಗೆ ಬರವಿಲ್ಲ. ತಟ್ಟೆಯನ್ನು ಬಿಚ್ಚಿ ನನ್ನ ಬಾಗಿಲಿಗೆ ತಂದು ಕೊಟ್ಟರು. ಏನೋ ಚುಚ್ಚುಮಾತು ಬರುತ್ತದೆಂದು ಕಾದೆ.

"ಇಟ್ಟುಕೊಳ್ಳಿ ಪ್ರೊಫೆಸರ್ರೇ. ನಿಮ್ಮ ಹತ್ತಿರ ಮೀಟರು ಉಂಟಲ್ಲ."

ಇಷ್ಟೇ ಅಂದದ್ದು. ತಟ್ಟೆ ಕೊಟ್ಟ ಕೈ ಯಾವುದೆಂದು ಇಲ್ಲೂ ನಾನು ನೋಡಿಕೊಳ್ಳಲಿಲ್ಲ. ನೆರೂಳಿಗೆ ಬರುತ್ತೇನೆ ಎಂದೆ. ಡೊಂಬಿವಲಿಯಿಂದ ಠಾಣೆಯಲ್ಲಿ ಗಾಡಿ ಬದಲಿಸಿದರೆ ಅದೇನು ದೂರವಲ್ಲ. ಹೋಗಲಿಲ್ಲ. ನಡುವೆ ಆರನೆಯ ಕೆಲಸಕ್ಕೆ ಸೇರಿ ಅದನ್ನೂ ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಸುಮಾಳ ಫೋನು ಬಂತು. ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸಲಿಟ್ಟ ವಾಮನಣ್ಣ ಅಲ್ಲೇ ಕುಸಿದು ಹೋಗಿಬಿಟ್ಟರಂತೆ. ಅಮ್ಮನಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿದೆವು, ಅಡುಗೆಯವರು ಇವತ್ತು ಬಂದಿಲ್ಲವೆಂದು ಕೌಂಟರ್ ಮುಚ್ಚಿದ್ದಾಳೆ ಎಂದಳು. ಇದನ್ನು ಅವಳು ಕನ್ನಡದಲ್ಲಿ ಹೇಳಿದಳೆಂದು ನನಗೆ ನೆನಪು, ಆದರೆ ಪ್ರಮಾಣ ಮಾಡಲಾರೆ.

ತಟ್ಟೆ ಅಟ್ಟದ ಮೇಲಿತ್ತು. ಇಳಿಸಿ, ಧೂಳೊರೆಸಿ, ಗುಳಿಗಳು ಮೇಲಕ್ಕೆ ಬರುವಂತೆ ಮೇಜಿನ ಮೇಲಿಟ್ಟೆ. ಅಂಚಿನ ಮೂರು ಎಲ್‌ಇಡಿಗಳ ಮೇಲೂ ಅಡ್ಡತಂತಿ ಇತ್ತು, ಬೆಸುಗೆ ಬಹಳ ಅಚ್ಚುಕಟ್ಟು. ಅದರಿಂದ ಏನೂ ಸಾಬೀತಾಗುವುದಿಲ್ಲ. ಸುಟ್ಟದ್ದನ್ನು ತಪ್ಪಿಸಲು ಹಾಕುವುದೂ ಅದೇ ತಂತಿ, ಒಳ್ಳೆಯದನ್ನು ಆರಿಸಲು ಹಾಕುವುದೂ ಅದೇ ತಂತಿ. ತಂತಿ ಕತ್ತರಿಸಿ, ಎಲ್‌ಇಡಿಯನ್ನೇ ಕೇಳಬೇಕು. ಮೂರನ್ನೂ ಕತ್ತರಿಸಿದೆ. ಗಡಿಯಾರದಿಂದ ಎರಡು ಪೆನ್ಸಿಲ್ ಸೆಲ್ ತೆಗೆದು, ಒಂದರ ಹಿಂದೆ ಒಂದು ಇಟ್ಟು ಟೇಪು ಸುತ್ತಿ, ಎರಡು ತಂತಿ ಹೊರತೆಗೆದು, ಮೊದಲನೆಯದಕ್ಕೆ ಮುಟ್ಟಿಸಿದೆ. ಆಮೇಲೆ ಎರಡನೆಯದಕ್ಕೆ. ಆಮೇಲೆ ಮೂರನೆಯದಕ್ಕೆ.

ಮೂರೂ ಉರಿದವು.